ಆಡುಸೋಗೆ ಬೇಲಿಯ ಬೆಳ್ಳಿ

"ಹುಣಸೆಮರ ಸಿಗ್ತದೆ ಮೇಡಂ, ಅಲ್ಲಿ ಎಡಕ್ಕೆ ತಿರುಕ್ಕಳಿ," ಅಂದಿದ್ದ ಕೌದಳ್ಳಿಯ ಪಂಕ್ಚರ್ ಅಂಗಡಿಯವನು. ಹೋದೆ, ಹೋದೆ, ಹೋಗುತ್ತಲೇ ಇದ್ದೆ. ಹುಣಸೆಮರ ಸಿಗಲಿಲ್ಲ. ಮೊದಲು ಟಾರು ಮುಗಿಯಿತು, ಆಮೇಲೆ ಜಲ್ಲಿ ಮುಗಿಯಿತು, ಕೊನೆಗೆ ದಾರಿ ಅನ್ನುವುದೇ ಮುಗಿದು ನನ್ನ ಸ್ಕೂಟರಿನ ಮುಂದೆ ಬರೀ ಮೇಕೆಗಳು ಉಳಿದವು. ಮೇಕೆಗಳ ಹಿಂದೆ, ತಲೆಗೆ ಟವಲು ಸುತ್ತಿಕೊಂಡ ಒಬ್ಬ ಅಜ್ಜಿ.

"ಅಜ್ಜಿ, ಇಲ್ಲೊಂದು ಹುಣಸೆಮರ ಇದೆಯಂತಲ್ಲ, ಎಲ್ಲಿ?"

"ಅದಾ? ಅದು ಬಿದ್ದೋಗಿ ಯಾವ ಕಾಲ ಆಯ್ತು ಕೂಸು."

"ಅಯ್ಯೋ! ಅಲ್ಲಿ ಎಡಕ್ಕೆ ತಿರುಗಬೇಕು ಅಂದರಲ್ಲ?"

"ಊಂ, ಎಡಕ್ಕೇ ತಿರುಗ್ಬೇಕು. ಮರ ಬಿದ್ರೆ ಎಡ ಎಲ್ಲಿಗೋದದು? ಅಲ್ಲೇ ಅದೆ."

ಈ ಥರದ್ದೆಲ್ಲ ನನಗೇ ಯಾಕೆ ಆಗುತ್ತೆ ಅಂತ ಮೊದಮೊದಲು ತಲೆ ಕೆಡಿಸಿಕೊಳ್ಳುತ್ತಿದ್ದೆ. ಬರ್ಲಿನ್ನಿನ ರೈಲು, ಕೈರೋದ ಸಂತೆ, ಓಸಾಕಾದ ನೆಲದಡಿಯ ದಾರಿ, ಎಲ್ಲವನ್ನೂ ಅಲ್ಲಿಯ ಭಾಷೆಯ ಒಂದಕ್ಷರ ಬಾರದೆಯೂ ಸುತ್ತಿ ಬಂದವಳು ನಾನು. ಎಲ್ಲೂ ದಾರಿ ತಪ್ಪಲಿಲ್ಲ. ಈಗ ಕೊಳ್ಳೇಗಾಲ, ಹನೂರು, ಯಳಂದೂರು ಅನ್ನುವ ಮೂರು ಊರುಗಳ ನಡುವೆ, ಹುಟ್ಟಿದಾಗಿನಿಂದ ಆಡಿದ ಮಾತಿನಲ್ಲೇ ಕೇಳಿಕೊಂಡು ಕೇಳಿಕೊಂಡು ವಾರಕ್ಕೊಮ್ಮೆಯಾದರೂ ತಪ್ಪುತ್ತೇನೆ. ತಲೆ ಕೆಡಿಸಿಕೊಳ್ಳುವುದು ಬಿಟ್ಟು ಈಗ ಬರೆದಿಡುತ್ತಿದ್ದೇನೆ.

ಕಣ್ಣಿಗೆ ಕಾಣದ ಬೆಳ್ಳಿ

ನನ್ನ ಕೆಲಸ ಹೇಳುವುದಕ್ಕೆ ಸುಲಭ, ನಂಬಿಸುವುದಕ್ಕೆ ಕಷ್ಟ. ಸೊಪ್ಪನ್ನು ನೀರಿನಲ್ಲಿ ಕುದಿಸಿ ಸೋಸಬೇಕು. ಸಿಲ್ವರ್ ನೈಟ್ರೇಟ್ ಅನ್ನುವ ಬೆಳ್ಳಿಯ ಲವಣ ಕರಗಿಸಿದ ನೀರಿಗೆ ಆ ಕಷಾಯ ಹಾಕಬೇಕು. ಸೊಪ್ಪಿನ ಸತ್ವ ಆ ಲವಣದಿಂದ ಬೆಳ್ಳಿಯನ್ನು ಕಣಕಣವಾಗಿ ಬಿಡಿಸುತ್ತದೆ. ಎಷ್ಟು ಚಿಕ್ಕ ಕಣ ಅಂದರೆ, ಕಾಲೇಜಿನ ಮೈಕ್ರೋಸ್ಕೋಪಿಗೂ ಸಿಗುವುದಿಲ್ಲ. ಅದಕ್ಕೇ ನ್ಯಾನೋ ಕಣ ಅಂತ ಹೆಸರು. ಆಯಿತೋ ಇಲ್ಲವೋ ಅನ್ನುವುದನ್ನು ಬಣ್ಣ ಹೇಳುತ್ತದೆ. ತಿಳಿಹಳದಿ ನೀರು ನಿಧಾನಕ್ಕೆ ಕಂದು ತಿರುಗಿ ಹೋಟೆಲಿನ ಡಿಕಾಕ್ಷನ್ ಥರ ಆದರೆ ಬೆಳ್ಳಿ ಹುಟ್ಟಿತು ಅಂತ. ಈ ಕಣಗಳಿಗೂ ಬ್ಯಾಕ್ಟೀರಿಯಾಗಳಿಗೂ ಹಾವು ಮುಂಗುಸಿ. ಗಾಯದ ಪಟ್ಟಿಗೋ ಆಸ್ಪತ್ರೆಯ ಬಟ್ಟೆಗೋ ಮುಂದೊಂದು ದಿನ ಬಳಸಬಹುದೇ ಅನ್ನುವುದು ಪ್ರಶ್ನೆ.

ಹೊರದೇಶಗಳಲ್ಲಿ ಬೇರೆಯವರ ಲ್ಯಾಬಿನಲ್ಲಿ ಬೇರೆಯವರ ಪ್ರಶ್ನೆಗಳಿಗೆ ಉತ್ತರ ಹುಡುಕಿ ಸಾಕಾಗಿ, ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಪ್ರಿನ್ಸಿಪಾಲರು ಒಳ್ಳೆಯವರು. ಒಳ್ಳೆಯ ಮಾತಿನಲ್ಲೇ ಹೇಳಿದ್ದರು: "ಪರಿಶೀಲನಾ ಸಮಿತಿ ಬರೋದ್ರೊಳಗೆ ಏನಾದ್ರೂ ತೋರಿಸಿ ಮೇಡಂ. ಇಲ್ಲಾಂದ್ರೆ ಉತ್ತರಪತ್ರಿಕೆ ಇಡೋಕೆ ನಮಗೂ ಜಾಗ ಇಲ್ಲ." ಅಂದರೆ ಬಣ್ಣ ಬಾರದಿದ್ದರೆ ನನ್ನ ಜಾಗಕ್ಕೆ ಉತ್ತರಪತ್ರಿಕೆ, ನಾನು ಮತ್ತೆ ಸೂಟ್‌ಕೇಸು. ಈ ಸಲ ಸೂಟ್‌ಕೇಸು ಮುಟ್ಟುವುದಿಲ್ಲ ಅಂತ ಹಟ ಹಿಡಿದಿದ್ದೆ. ಊರೂರು ತಿರುಗಿದವಳಿಗೆ ಒಂದು ಕಡೆ ನಿಲ್ಲುವ ಹಟ ಬಂದರೆ ಅದು ಹಲ್ಲುನೋವಿದ್ದ ಹಾಗೆ, ತಾನಾಗಿ ಹೋಗುವುದಿಲ್ಲ.

ನಾನು ನೆಚ್ಚಿಕೊಂಡದ್ದು ಆಡುಸೋಗೆಯನ್ನು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆಗೆ ಅದೊಂದೇ ಸೊಪ್ಪು ತಕರಾರು ಎತ್ತಿರುವುದು. ಯಳಂದೂರಿನ ನಾಲೆ ಪಕ್ಕದ್ದು ತಂದು ನೋಡಿದ್ದೆ. ಗದ್ದೆಗೆ ಹೊಡೆದ ಔಷಧಿಯೆಲ್ಲ ಅದರ ಮೇಲೆ. ಒಂದು ದಿನ ಬಣ್ಣ ಬಂದರೆ ಇನ್ನೊಂದು ದಿನ ಮುನಿಸು. ಕೌದಳ್ಳಿಯಿಂದ ಒಳಗೆ ಒಂದು ಊರಿದೆ, ಅಲ್ಲಿ ಔಷಧಿ ಸೋಕದ ಆಡುಸೋಗೆ ಬೇಲಿಯಿದೆ ಅಂತ ಹನೂರಿನ ಬಸ್ಸಿನಲ್ಲಿ ಯಾರೋ ಹೇಳಿದ್ದರು. ಅದನ್ನು ಹುಡುಕಿಕೊಂಡೇ ನಾನು ಬಿದ್ದುಹೋದ ಮರದ ಹತ್ತಿರ ಬಂದು ನಿಂತದ್ದು.

"ಆಡುಸೋಗೆ ಬೇಲಿ ಎಲ್ಲಿದೆ ಅಜ್ಜಿ?" ಅಂದೆ.

"ಯಾವೂರು ನಿಂದು?"

"ಯಳಂದೂರು."

"ಉಂಡ್ಯಾ?"

"ಇಲ್ಲ. ಬೇಲಿ..."

"ಗಂಡ ಎಲ್ಲವ್ನೆ?"

"ಮದುವೆ ಆಗಿಲ್ಲ ಅಜ್ಜಿ. ಬೇಲಿ ಎಲ್ಲಿ?"

"ಅಂಗಾದ್ರೆ ನಿನ್ಗೆ ಬೇಲಿ ಯಾಕೆ?" ಅಂದು ನಕ್ಕಳು. ಹಲ್ಲೆಲ್ಲ ಎಲೆ ಅಡಿಕೆ ಕೆಂಪು. "ನಿನ್ನ ಬೆನ್ನಿಂದ್ಲೇ ಅದೆ, ನೋಡು. ನಂದೇಯ."

ತಿರುಗಿ ನೋಡಿದರೆ ಆಳೆತ್ತರದ ಹಸಿರು ಬೇಲಿ. ಅಷ್ಟು ಹೊತ್ತೂ ನನ್ನ ಸ್ಕೂಟರು ಅದಕ್ಕೇ ಒರಗಿಕೊಂಡಿತ್ತು.

ಸೊಪ್ಪು ಯಾಕೆ ಅಂದಳು. ಈ ಸೊಪ್ಪಿನ ರಸದಿಂದ ಬೆಳ್ಳಿ ಕಣ ಮಾಡುತ್ತೇನೆ ಅಂದೆ. ಅಜ್ಜಿ ಮೇಕೆಗಳನ್ನು ಬಿಟ್ಟು ನನ್ನ ಹತ್ತಿರ ಬಂದಳು.

"ಎಷ್ಟ್ ಬೆಳ್ಳಿ ಬತ್ತದೆ?"

"ಕಣ್ಣಿಗೆ ಕಾಣುವಷ್ಟು ಬರುವುದಿಲ್ಲ ಅಜ್ಜಿ. ಕಾಣದ ಬೆಳ್ಳಿ ಅದು."

ಅಜ್ಜಿ ತಲೆಯ ಟವಲು ಬಿಗಿದುಕೊಂಡಳು. ಆಮೇಲೆ ಮೂಟೆಗೆ ಸೊಪ್ಪು ಕೊಯ್ದು ತುಂಬಲು ತಾನೇ ಕೈ ಹಾಕಿದಳು. ಉಣ್ಣದೆ ಬಂದಿದ್ದೀಯ ಅಂತ ದಾರಿಗೆ ಮಜ್ಜಿಗೆಯನ್ನೂ ತುಂಬಿಕೊಟ್ಟಳು, ಹಿಡಿಕೆ ಇರುವ ಸ್ಟೀಲಿನ ಪಾತ್ರೆಯಲ್ಲಿ. ತಮಿಳು ಸೀಮೆ ಪಕ್ಕದಲ್ಲೇ ಇರುವುದರಿಂದ ಆ ಕಡೆಯವರು ಅದಕ್ಕೆ ತೂಕು ಅನ್ನುತ್ತಾರೆ. ಕೊಡುವಾಗ ಎರಡು ಕಟ್ಟಲೆ ಹಾಕಿದಳು.

"ತೂಕು ಬರಿದು ತರಂಗಿಲ್ಲ. ಕೈಯಾರೆ ಮಾಡಿದ್ದು ಏನಾರ ತುಂಬ್ಕಂಡು ಬರ್ಬೇಕು. ಆಮೇಕೆ, ನನ್ ಬೇಲಿ ಸೊಪ್ಪಲ್ಲಿ ಬೆಳ್ಳಿ ಆಯ್ತಾ ಇಲ್ವಾ ಅಂತ ತೋರಿಸ್ಬೇಕು. ಎರಡೂ ಆಗೋಗಂಟ ಬೇಲಿ ತಾವ ಬರ್ಬ್ಯಾಡ."

ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಅನ್ನುವುದು ನನಗೂ ಗೊತ್ತಿತ್ತು. ಒಪ್ಪಿಕೊಂಡು ಸ್ಕೂಟರು ಸ್ಟಾರ್ಟ್ ಮಾಡಿದೆ. ಅಜ್ಜಿ ಹಿಂದಿನಿಂದ ಕೂಗಿದಳು:

"ಕಣ್ಗೆ ಕಾಣ್ದೆ ಇರೋ ಬೆಳ್ಳಿ ನಮ್ಮಟ್ಟೀಲೂ ಬೇಕಾದಷ್ಟು ಅದೆ ಕಣವ್ವ, ಸಾಲ್ದೆ ಬಂದ್ರೆ ಬಾ, ಕೊಡ್ತೀನಿ!"

ಮೇಕೆ ಕೊಟ್ಟ ಸರ್ಟಿಫಿಕೇಟು

ಸೊಪ್ಪಿನ ಮೂಟೆ ಹೇರಿಕೊಂಡು ಹನೂರಿನ ಕಡೆ ಬರುತ್ತಿದ್ದೆ. ದಾರಿಯಲ್ಲಿ ಬ್ಯಾರಿಕೇಡು. ಪೊಲೀಸರು ವಾಹನ ತಪಾಸಣೆ ನಡೆಸಿದ್ದರು, ಗಾಂಜಾ ಹುಡುಕುವುದಕ್ಕೆ ಅಂತ ಆಮೇಲೆ ತಿಳಿಯಿತು. ಒಂಟಿ ಹೆಂಗಸು, ಧೂಳು ಹಿಡಿದ ಸ್ಕೂಟರು, ಬಿಗಿದು ಕಟ್ಟಿದ ಹಸಿರು ಸೊಪ್ಪಿನ ಮೂಟೆ. ನನ್ನನ್ನು ನಿಲ್ಲಿಸದಿದ್ದರೆ ಅವರ ಕೆಲಸದ ಬಗ್ಗೆ ನನಗೇ ಅನುಮಾನ ಬರುತ್ತಿತ್ತು.

"ಏನ್ ಮೇಡಂ ಇದು?" ಅಂದರು ದಫೇದಾರರು.

"ಆಡುಸೋಗೆ."

"ಯಾತಕ್ಕೆ?"

ನಿಜ ಹೇಳುವುದು ನನ್ನ ಕೆಟ್ಟ ಅಭ್ಯಾಸ. "ಬೆಳ್ಳಿ ಮಾಡೋಕೆ," ಅಂದೆ.

ದಫೇದಾರರು ಮೂಟೆ ಬಿಚ್ಚಿಸಿದರು. ಒಂದು ಎಲೆ ಮೂಸಿದರು, ಮಡಿಸಿದರು, ಬಿಸಿಲಿಗೆ ಹಿಡಿದು ನೋಡಿದರು. ಲ್ಯಾಬಿಗೆ ಕಳಿಸಿದರೆ ಗೊತ್ತಾಗುತ್ತೆ ಅಂದರು. ನಾನೇ ಲ್ಯಾಬಿನವಳು ಅಂದೆ. ಅದು ಅವರಿಗೆ ಸಮಾಧಾನ ಕೊಟ್ಟಂತೆ ಕಾಣಲಿಲ್ಲ. ಬಿಸಿಲು ಏರುತ್ತಿತ್ತು, ಸೊಪ್ಪು ಬಾಡುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ಅಂದ:

"ಸಾ, ಒಂದ್ ನಿಮಿಸ. ಇದ್ಕೆ ಲ್ಯಾಬ್ ಯಾಕೆ?"

ರಸ್ತೆ ಪಕ್ಕದಲ್ಲಿ ಮೇಯುತ್ತಿದ್ದ ಮೇಕೆಯೊಂದನ್ನು ಕಿವಿ ಹಿಡಿದು ಎಳೆದು ತಂದ. ಮೂಟೆಯ ಎಲೆಯೊಂದನ್ನು ಅದರ ಬಾಯಿಗೆ ಹಿಡಿದ. ಮೇಕೆ ಮೂಸಿತು. ತಲೆ ಕೊಡವಿತು. ನನ್ನನ್ನೊಮ್ಮೆ, ದಫೇದಾರರನ್ನೊಮ್ಮೆ ನೋಡಿ, ಬ್ಯಾರಿಕೇಡಿಗೆ ಅಂಟಿಸಿದ್ದ ಪೋಸ್ಟರನ್ನು ಕಿತ್ತು ತಿನ್ನಲು ಶುರು ಮಾಡಿತು.

"ಪೇಪರ್ ತಿಂತು, ಇದ ಮುಟ್ಲಿಲ್ಲ. ಆಡ್ಸೋಗೇನೆಯ ಸಾ, ಬುಡಿ," ಅಂದ ಕಾನ್‌ಸ್ಟೇಬಲ್.

ಕೋಟಿಗಟ್ಟಲೆ ಬೆಲೆಯ ಯಂತ್ರಗಳ ಮುಂದೆ ಫಲಿತಾಂಶಕ್ಕಾಗಿ ವಾರಗಟ್ಟಲೆ ಕಾದವಳು ನಾನು. ಇಷ್ಟು ಬೇಗ, ಇಷ್ಟು ನಿಸ್ಸಂದೇಹವಾಗಿ ವರದಿ ಬಂದದ್ದು ನೋಡಿರಲಿಲ್ಲ. ಮೂಟೆ ಕಟ್ಟಿಕೊಟ್ಟ ದಫೇದಾರರು ಬೇಸರದಿಂದ ಹೇಳಿದರು:

"ಗಾಂಜಾ ಆಗಿದ್ರೆ ಕೇಸು ಗೊತ್ತಿತ್ತು ಮೇಡಂ. ಬೆಳ್ಳಿ ಮಾಡೋಕೆ ಅಂತೀರ, ಅದಕ್ಕೆ ಯಾವ ಸೆಕ್ಷನ್ ಹಾಕ್ಲಿ?"

ಹಾಲು ಹಾಲು

ಮೊದಲ ಸಲ ಸೊಪ್ಪು ನಾನೇ ಕುದಿಸಿದೆ. ಬಣ್ಣ ಬಂತು. ಎಂಥ ಬಣ್ಣ! ಹೊಸದಾಗಿ ಇಳಿಸಿದ ಡಿಕಾಕ್ಷನ್ನು. ಕುಣಿಯುವುದೊಂದು ಬಾಕಿ. ಆದರೆ ಒಂದು ಸಲ ಬಂದರೆ ಅದು ಅದೃಷ್ಟ, ಮತ್ತೆ ಮತ್ತೆ ಬಂದರೆ ಮಾತ್ರ ವಿಜ್ಞಾನ. ಉಳಿದ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಕಟ್ಟುಕಟ್ಟಾಗಿ ಇಟ್ಟೆ.

ಆ ಕೋಣೆಗೆ ಒಬ್ಬ ಅಟೆಂಡರ್ ಅಕ್ಕ ಇದ್ದಳು. ದಿನಾ ಮುಳ್ಳೂರಿನಿಂದ ಬರುವವಳು. ನಾನು ಸೊಪ್ಪು ಬೇಯಿಸುವುದನ್ನು ಒಂದು ದಿನ ನೋಡಿದಳು, ಎರಡು ದಿನ ನೋಡಿದಳು, ಮೂರನೆಯ ದಿನ ತಡೆಯಲಾಗಲಿಲ್ಲ. "ನೀವ್ ಓದ್ದೋರು, ಆ ಗಾಜಿನ್ ಕೆಲ್ಸ ನೋಡ್ಕಳಿ. ಸೊಪ್ಪು ಬೇಯ್ಸದ ನನ್ಗೆ ಬುಡಿ," ಅಂದಳು. ಬಿಟ್ಟೆ.

ಆವತ್ತಿನಿಂದ ಬಣ್ಣ ಬರಲಿಲ್ಲ. ಕಷಾಯ ಹಾಕಿದ ಕೂಡಲೇ ಫ್ಲಾಸ್ಕಿನ ನೀರೆಲ್ಲ ಹಾಲಿನ ಹಾಗೆ ಬೆಳ್ಳಗೆ ಕದಡಿಬಿಡುತ್ತಿತ್ತು. ಒಂದರಲ್ಲಿ ಅಲ್ಲ, ಎಲ್ಲದರಲ್ಲೂ. ಸಾಲಾಗಿ ಇಟ್ಟರೆ ಡೇರಿ ಥರ ಕಾಣುತ್ತಿತ್ತು. ಡಿಸ್ಟಿಲ್ಡ್ ವಾಟರ್ ಕೆಟ್ಟಿದೆ ಅಂತ ಬೇರೆ ತರಿಸಿದೆ. ಹಾಲು. ಬಾಟಲಿ ಹಳೆಯದು ಅಂತ ಹೊಸ ಸಿಲ್ವರ್ ನೈಟ್ರೇಟ್ ತರಿಸಿದೆ. ಹಾಲು. ಗಾಜಿನ ಪಾತ್ರೆಗಳನ್ನು ಉಜ್ಜಿ ಉಜ್ಜಿ ತೊಳೆದೆ. ಹಾಲು. ಹೊರದೇಶದ ಹಳೆಯ ಗೆಳೆಯರಿಗೆ ಬರೆದೆ. ಒಬ್ಬ ಬೆಳಕು ಅಂದ, ಒಬ್ಬಳು ಶಾಖ ಅಂದಳು, ಇನ್ನೊಬ್ಬ ನಿನ್ನ ಗಿಡವೇ ಬೇರೆ ಇರಬೇಕು ಅಂದ. ಮೇಕೆಯೇ ಸರ್ಟಿಫೈ ಮಾಡಿದೆ ಅಂತ ಬರೆದೆ.

ಸೊಪ್ಪಿನ ಕಟ್ಟು ಕರಗುತ್ತಾ ಬಂತು. ಹೊಸದು ತರಲು ಅಜ್ಜಿಯ ಕಟ್ಟಲೆ ಅಡ್ಡ. ಬೆಳ್ಳಿ ತೋರಿಸದೆ ಬೇಲಿ ಇಲ್ಲ, ಬೇಲಿ ಇಲ್ಲದೆ ಬೆಳ್ಳಿ ಇಲ್ಲ. ಪ್ರಿನ್ಸಿಪಾಲರು ಒಮ್ಮೆ ಬಾಗಿಲಲ್ಲಿ ನಿಂತು ಟೇಪು ಹಿಡಿದು ಗೋಡೆ ಅಳೆದುಕೊಂಡು ಹೋದರು. "ಸುಮ್ನೆ ಮೇಡಂ, ಸುಮ್ನೆ," ಅಂದರು. ನಾನು ಹಲ್ಲು ಕಚ್ಚಿ ಇನ್ನೊಂದು ಕಟ್ಟು ಬಿಚ್ಚಿದೆ.

ಆ ದಿನ ಮಾತ್ರ, ಯಾಕೋ ಏನೋ, ಅಕ್ಕ ಬೇಯಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಸೊಪ್ಪು ಕುದಿ ಬಂತು. ಅಕ್ಕ ಸೆರಗಿನ ಗಂಟಿನಿಂದ ಒಂದು ಪೊಟ್ಟಣ ತೆಗೆದಳು. ಮಧ್ಯಾಹ್ನದ ಸೀಬೆಕಾಯಿಗೆ ಅಂತ ದಿನಾ ತರುತ್ತಿದ್ದ ಪೊಟ್ಟಣ ಅದು. ಎರಡು ಬೆರಳಲ್ಲಿ ಚಿಟಿಕೆ ಎತ್ತಿ, ಮನೆಯ ಒಲೆಯ ಮುಂದೆ ನಿಂತಷ್ಟೇ ಸಲೀಸಾಗಿ ಪಾತ್ರೆಗೆ ಉದುರಿಸಿದಳು.

"ಅಕ್ಕಾ! ಏನದು?"

"ಉಪ್ಪು."

ಬೆಳ್ಳಿಯ ಲವಣಕ್ಕೆ ಅಡುಗೆ ಉಪ್ಪು ತಾಕಿದರೆ ಸಾಕು, ಹಾಲಿನಂತೆ ಕದಡಿ ತಳಕ್ಕೆ ಕೂರುತ್ತದೆ. ಇದನ್ನು ಶಾಲೆಯ ಮಕ್ಕಳಿಗೂ ಹೇಳಿಕೊಡುತ್ತಾರೆ. ಅಷ್ಟು ದೇಶ ತಿರುಗಿದ ನನ್ನ ತಲೆಗೆ ಅದು ಹೊಳೆಯಲೇ ಇಲ್ಲ. ಸೊಪ್ಪಿನ ಕಷಾಯಕ್ಕೆ ಯಾರಾದರೂ ಉಪ್ಪು ಹಾಕುತ್ತಾರೆ ಅಂತ ಯಾವ ದೇಶದಲ್ಲಿ ತಾನೇ ಅನುಮಾನ ಬರುತ್ತೆ? ಆ ದೇಶಗಳಲ್ಲಿ ಸೊಪ್ಪು ಬೇಯಿಸಿದ ನೀರಿಗೇ ಉಪ್ಪು ಖಾರ ಸೇರಿಸುವ ಉಪ್ಸಾರು ಇಲ್ಲ. ನಮ್ಮ ಕಡೆ ಸೊಪ್ಪು ಕುದಿಯಿತು ಅಂದರೆ ಕೈ ತಾನಾಗಿ ಉಪ್ಪಿನ ಕಡೆಗೆ ಹೋಗುತ್ತದೆ.

"ಯಾಕಕ್ಕಾ ಹಾಕಿದ್ರಿ?"

"ಉಪ್ಪಿಲ್ದೆ ಸೊಪ್ಪು ಬೇಯಿಸ್ತಾರಾ ಮೇಡಂ? ನೀವು ದಿನಾ ಮರೀತಿದ್ರಿ. ಓದ್ದೋರಿಗೆ ಎಲ್ರ ಮುಂದೆ ಹೇಳುದ್ರೆ ಬೇಜಾರಾಯ್ತದೆ ಅಂತ ನಾನೇ ಸುಮ್ಕೆ ಆಕ್ತಿದ್ದೆ."

ಸಿಟ್ಟು ನೆತ್ತಿಗೇರಿತು. ಬಯ್ದೆ. ಉಪ್ಪು, ಉಪ್ಪಿನಕಾಯಿ, ಕಡೆಗೆ ಸೀಬೆಕಾಯಿಯೂ ಈ ಕೋಣೆಯ ಹೊಸಿಲು ದಾಟಬಾರದು ಅಂದೆ. ಅಕ್ಕ ತಲೆ ತಗ್ಗಿಸಿ ಪೊಟ್ಟಣವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಮೆಲ್ಲಗೆ ಅಂದಳು:

"ಒಳ್ಳೇದಾಯ್ತು ಬುಡಿ. ಒಣ್ಮೆಣಸಿನ್ಕಾಯ್ನೂ ಆಕ್ಲಾ ಅಂತ ನಾಳೀಕೆ ಕೇಳಮ ಅಂತಿದ್ದೆ."

ಹತ್ತು ಬೆರಳು

ಉಳಿದಿದ್ದದ್ದು ಕಡೆಯ ಕಟ್ಟು. ಇನ್ನು ಯಾರ ಕೈಗೂ ಕೊಡುವ ಪ್ರಶ್ನೆಯೇ ಇಲ್ಲ. ಗ್ಲೌಸು ಹರಿದುಹೋಗಿದ್ದರೂ ಹೊಸದು ಬರುವವರೆಗೆ ಕಾಯದೆ ಬರಿಗೈಯಲ್ಲೇ ಕೂತೆ. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಕಿದರೆ ಆಗ ಏನೂ ಕಾಣದು. ಬಿಸಿಲಿಗೆ ಹೋದರೆ ಕಪ್ಪಾಗುತ್ತದೆ. ಸೋಪು, ನಿಂಬೆಹುಳಿ, ಬೂದಿ ಯಾವುದಕ್ಕೂ ಜಗ್ಗದು. ಚರ್ಮವೇ ಸುಲಿದು ಹೋಗುವವರೆಗೂ ಅದೇ ಬಣ್ಣ. ನನ್ನ ಹತ್ತು ಬೆರಳೂ ಕರೀ ದ್ರಾಕ್ಷಿ ಗೊಂಚಲು.

ಅದೇ ವಾರ ಎಲೆಕ್ಷನ್. ನನ್ನ ವೋಟು ಯಳಂದೂರಿನಲ್ಲಿ. ಬಣ್ಣ ಬರಲು ಫ್ಲಾಸ್ಕುಗಳನ್ನು ಇಟ್ಟು, ಅಕ್ಕನಿಂದ ಪೊಟ್ಟಣ ಮುಟ್ಟುವುದಿಲ್ಲ ಅಂತ ಆಣೆ ಹಾಕಿಸಿಕೊಂಡು, ಬಸ್ಸು ಹತ್ತಿದೆ.

ಸಾಲಿನಲ್ಲಿ ನಿಂತು ನನ್ನ ಸರದಿ ಬಂತು. ಶಾಯಿ ಹಚ್ಚುವ ಅಧಿಕಾರಿ ಕೈ ನೀಡಿ ಅಂದರು. ಎಡಗೈ ನೀಡಿದೆ.

"ಅಮ್ಮಾ, ನೀವು ಆಗ್ಲೇ ಹಾಕಿದ್ದೀರ."

"ಇಲ್ಲ ಸಾರ್, ಇದು ಬೇರೆ."

"ಬಲಗೈ ತೋರ್ಸಿ."

ತೋರಿಸಿದೆ. ಅಧಿಕಾರಿ ಕುರ್ಚಿಯಿಂದ ಎದ್ದು ನಿಂತರು. ಪಕ್ಷಗಳ ಏಜೆಂಟರು ಬೆಳಗಿನಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಈಗ ಎಲ್ಲರೂ ಒಂದಾಗಿ ಕತ್ತು ಚಾಚಿದರು.

"ನಾನು ಲ್ಯಾಬಿನಲ್ಲಿ ಕೆಲಸ ಮಾಡ್ತೀನಿ ಸಾರ್. ಇದು ಸಿಲ್ವರ್ ನೈಟ್ರೇಟ್. ನಿಮ್ಮ ಶಾಯಿಯಲ್ಲಿ ಇರೋದೂ ಅದೇ."

ಇದನ್ನು ಹೇಳಬಾರದಿತ್ತು. "ನೋಡಿ ಸಾ," ಅಂದ ಒಬ್ಬ ಏಜೆಂಟ್, "ಶಾಯಿ ಮಾಡಾದೂ ಈವಮ್ಮಂಗೆ ಗೊತ್ತಂತೆ!"

"ಅಂಗಾದ್ರೆ ಅಳ್ಸಾದೂ ಗೊತ್ತಿರ್ತದೆ," ಅಂದ ಇನ್ನೊಬ್ಬ.

ಅಳಿಸುವುದು ಗೊತ್ತಿದ್ದರೆ ನಾನು ಹೀಗೆ ಬರುತ್ತಿದ್ದೆನೇ ಅಂದೆ. ಆ ತರ್ಕ ಯಾರಿಗೂ ರುಚಿಸಲಿಲ್ಲ. ನಾನು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಬೂತಿನ ಹಿರಿಯ ಅಧಿಕಾರಿ ಬಂದು ಪಟ್ಟಿ ತಿರುವಿ ನೋಡಿದರು. ನನ್ನ ಹೆಸರಿನ ಮುಂದೆ ಗುರುತಿಲ್ಲ, ಸಹಿ ಇಲ್ಲ. ವೋಟು ಹಾಕಬಹುದು ಅಂದರು. ಆಗ ಎದ್ದದ್ದು ನಿಜವಾದ ತೊಡಕು: ಶಾಯಿ ಎಲ್ಲಿ ಹಚ್ಚುವುದು? ಕಪ್ಪಿನ ಮೇಲೆ ಕಪ್ಪು ಹಚ್ಚಿದರೆ ಯಾರಿಗೆ ಕಾಣುತ್ತೆ ಅಂತ ಏಜೆಂಟರು. ಅಧಿಕಾರಿ ನನ್ನ ಬೆರಳುಗಳನ್ನು ಒಂದೊಂದಾಗಿ ಬೆಂಡೆಕಾಯಿ ಆರಿಸುವ ಹಾಗೆ ತಿರುಗಿಸಿ ನೋಡಿದರು. ಕೊನೆಗೆ ತೋರುಬೆರಳಿನಿಂದ ಶುರು ಮಾಡಿ, ಕಲೆಯಿಲ್ಲದ ಚರ್ಮ ಸಿಗುವ ತನಕ ಮುಂಗೈಯವರೆಗೆ ಉದ್ದಕ್ಕೆ ಗೆರೆ ಎಳೆದರು.

ವೋಟು ಹಾಕಿ ಹೊರಬರುವಾಗ ಸಾಲಿನಲ್ಲಿದ್ದ ಒಬ್ಬ ಮುದುಕಪ್ಪ ಪಕ್ಕದವನಿಗೆ ಹೇಳುತ್ತಿದ್ದ:

"ಇರೋ ಪಕ್ಸಕ್ಕೆಲ್ಲ ಒಂದೊಂದ್ ಬೆಟ್ಟು ಕೊಟ್ಟವ್ಳೆ ಕಣ್ಲಾ, ಯಾರ್ಗೂ ಬೇಜಾರಾಗ್ಬಾರ್ದು ಅಂತ."

ಕಾಲುಂಗುರ

ವಾಪಸು ಬಂದಾಗ ಫ್ಲಾಸ್ಕುಗಳ ಮುಂದೆ ಅಕ್ಕ ಕಾವಲು ಕೂತಿದ್ದಳು, ಎರಡೂ ಕೈ ಕಂಕುಳಲ್ಲಿ ಅಡಗಿಸಿಕೊಂಡು. "ಮುಟ್ಟಿಲ್ಲ ಮೇಡಂ. ಆ ಕಡೆ ಉಸ್ರೂ ಬುಟ್ಟಿಲ್ಲ," ಅಂದಳು. ಎಲ್ಲವೂ ಕಂದು. ಒಂದರ ಹಾಗೆ ಒಂದು. ನಾನು ಅಕ್ಕನನ್ನು ತಬ್ಬಿಕೊಂಡೆ. ಅವಳು ನನ್ನ ಬೆರಳುಗಳಿಂದ ಸೀರೆ ತಪ್ಪಿಸಿಕೊಂಡಳು.

ಇನ್ನು ಉಳಿದದ್ದು ಆ ಕಂದು ನೀರಿಗೆ ನಿಜವಾಗಿ ಶಕ್ತಿ ಇದೆಯೇ ಅನ್ನುವುದು. ಪಕ್ಕದ ವಿಭಾಗದವರು ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹರಡಿ ಕೊಟ್ಟರು. ಕಂದು ನೀರಿನಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಒಂದು ಕಡೆ, ಬರೀ ಸೊಪ್ಪಿನ ಕಷಾಯದಲ್ಲಿ ಅದ್ದಿದ್ದನ್ನು ಇನ್ನೊಂದು ಕಡೆ ಇಟ್ಟೆವು. ತಟ್ಟೆ ತೆರೆಯುವ ಹೊತ್ತಿಗೆ ಸಮಿತಿಯವರೂ ಬಂದು ನಿಂತಿದ್ದರು, ಟೇಪು ಜೇಬಿನಲ್ಲಿಟ್ಟುಕೊಂಡ ಪ್ರಿನ್ಸಿಪಾಲರೂ.

ತಟ್ಟೆಯ ತುಂಬ ಮೊಸರು ಸವರಿದಂತೆ ಬ್ಯಾಕ್ಟೀರಿಯಾ. ಕಷಾಯದ ಬಿಲ್ಲೆಯ ಸುತ್ತಲೂ ಮೊಸರೇ. ಬೆಳ್ಳಿಯ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಒಂದು ವರ್ತುಲ. ಕಾಲುಂಗುರದಷ್ಟು. ಅಲ್ಲಿ ಒಂದು ಬ್ಯಾಕ್ಟೀರಿಯಾವೂ ಬೆಳೆದಿರಲಿಲ್ಲ.

ಸಮಿತಿಯ ಅಧ್ಯಕ್ಷರು ಕನ್ನಡಕ ಏರಿಸಿಕೊಂಡರು. "ಚೆನ್ನಾಗಿದೆ. ಮತ್ತೆ ಮಾಡಿ ತೋರಿಸೋಕೆ ಆಗುತ್ತಾ?"

"ಸೊಪ್ಪು ಸಿಕ್ಕಿದರೆ ಆಗುತ್ತೆ."

"ಸೊಪ್ಪಿಗೆ ಏನು ಅಡ್ಡಿ?"

"ಒಂದು ತೂಕು ವಾಪಸು ಕೊಡಬೇಕು," ಅಂದು ಅಜ್ಜಿಯ ಕಟ್ಟಲೆ ವಿವರಿಸಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅಧ್ಯಕ್ಷರು ಆ ಕಡೆಯ ಹಳ್ಳಿಯವರೇ ಇರಬೇಕು, ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ, ಪಕ್ಕದವರಿಗೆ ಬರೆದುಕೊಳ್ಳಲು ಹೇಳಿದರು:

"ಕೋಣೆ ಮುಂದುವರಿಸಬಹುದು. ಯೋಜನೆಯ ಮುಂದಿನ ಹಂತ: ಪಾತ್ರೆ ಹಿಂದಿರುಗಿಸುವುದು."

ಮುಚ್ಚಳ ತೆಗೆದಾಗ

ಕೈಯಾರೆ ಮಾಡಿದ್ದು ತುಂಬಿಕೊಂಡು ಬಾ ಅಂದಿದ್ದಳು ಅಜ್ಜಿ. ನನಗೆ ಅಡುಗೆ ಬಾರದು. ಯಾವ ದೇಶದಲ್ಲೂ ಒಲೆ ಹಚ್ಚುವಷ್ಟು ದಿನ ನಿಂತವಳಲ್ಲ. ಆದರೆ ತಿಂಗಳುಗಟ್ಟಲೆ ಮಾಡಿದ್ದೇನು? ಸೊಪ್ಪು ತೊಳೆಯುವುದು, ಹೆಚ್ಚುವುದು, ಕುದಿಸುವುದು, ಬಸಿಯುವುದು. ಅಂದಮೇಲೆ ನನಗೆ ಬರುವ ಅಡುಗೆ ಒಂದು ಇದ್ದೇ ಇದೆ. ಉಪ್ಸಾರು! ಮನೆಯಲ್ಲಿ, ಲ್ಯಾಬಿನ ನೆರಳೂ ಸೋಕದ ಪಾತ್ರೆಯಲ್ಲಿ, ದಂಟಿನಸೊಪ್ಪೂ ಅವರೆಕಾಳೂ ಹಾಕಿ ಬೇಯಿಸಿದೆ. ಎಷ್ಟು ಎಚ್ಚರಿಕೆಯಿಂದ ಮಾಡಿದೆ ಅಂದರೆ ಶಾಖವನ್ನೂ ಅಳೆದಿದ್ದೆ. ತೂಕಿಗೆ ತುಂಬಿ ಮುಚ್ಚಳ ಬಿಗಿದೆ. ಬೆಳ್ಳಿ ಮಾಡಿಸಿದ ಬೇಲಿ ನಾನೂ ನೋಡ್ತೀನಿ ಅಂತ ಅಟೆಂಡರ್ ಅಕ್ಕ ಸ್ಕೂಟರಿನ ಹಿಂದೆ ಹತ್ತಿದಳು.

ಈ ಸಲ ದಾರಿ ತಪ್ಪಲಿಲ್ಲ. ಇಲ್ಲದ ಮರದ ಹತ್ತಿರ ಎಡಕ್ಕೆ ತಿರುಗಿದೆ.

ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಬೇಲಿ ಮುಂದೆ ಅಕ್ಕಪಕ್ಕದ ಹಟ್ಟಿಗಳ ಹೆಂಗಸರೆಲ್ಲ ಸೇರಿದ್ದರು. ಸೊಪ್ಪು ಒಯ್ದ ಮೇಡಂ ತೂಕಿನ ತುಂಬ ಬೆಳ್ಳಿ ತರುತ್ತಿದ್ದಾಳೆ ಅಂತ. ಒಬ್ಬಳು ಅಳತೆಗೆ ಅಂತ ಹಳೆಯ ಕಾಲ್ಗಡಗವನ್ನೂ ತಂದಿದ್ದಳು.

ನಾನು ಮೊದಲು ಮೊಬೈಲಿನಲ್ಲಿ ತಟ್ಟೆಯ ಫೋಟೋ ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿದಳು.

"ಕಾಲುಂಗ್ರ ಇದ್ದಂಗದೆ. ನಡುವೆ ಬರೀ ಬಯಲು."

"ಆ ಬಯಲೇ ಅಜ್ಜಿ ನಿಮ್ಮ ಬೇಲಿ ಬೆಳ್ಳಿ ಮಾಡಿದ ಕೆಲಸ. ಅಲ್ಲಿ ರೋಗದ ಹುಳ ಬೆಳೆಯೋಕೆ ಬಿಟ್ಟಿಲ್ಲ."

ಅಜ್ಜಿ ಫೋಟೋವನ್ನೂ ಬೇಲಿಯನ್ನೂ ಒಂದಾದ ಮೇಲೊಂದು ನೋಡಿದಳು. "ಮೇಕೇನೂ ಬುಡಕಿಲ್ಲ, ಹುಳಾನೂ ಬುಡಕಿಲ್ಲ. ನನ್ನ ಬೇಲಿ ಅಂದ್ರೆ ಬೇಲಿ!" ಅಂದು ಎಲ್ಲರ ಕಡೆ ತಿರುಗಿ ಬೀಗಿದಳು. ಕಟ್ಟಲೆ ಒಂದು ತೀರಿತು.

"ತೂಕು ತಗಿ," ಅಂದಳು.

ಎಲ್ಲರೂ ಬಗ್ಗಿದರು. ಮುಚ್ಚಳ ತೆಗೆದೆ. ಬೆಳ್ಳಿ ಇರಲಿಲ್ಲ, ಸೊಪ್ಪು ಇತ್ತು. ಕಾಲ್ಗಡಗ ತಂದವಳು ಸದ್ದಿಲ್ಲದೆ ಅದನ್ನು ಮಡಿಲಿಗೆ ಹಾಕಿಕೊಂಡಳು.

"ಉಪ್ಸಾರಾ?" ಅಂದಳು ಅಜ್ಜಿ. ಮುಖ ಅರಳಿತ್ತು. "ಕೈಯಾರೆ ಮಾಡ್ದೆಯಾ?"

"ಕೈಯಾರೆ," ಅಂತ ಕಪ್ಪು ಬೆರಳು ತೋರಿಸಿದೆ.

ಅಜ್ಜಿ ಬೆರಳು ಅದ್ದಿ ನಾಲಗೆಗೆ ಇಟ್ಟಳು. ಅರಳಿದ್ದ ಮುಖ ಹಾಗೇ ನಿಂತಿತು. ಇನ್ನೊಮ್ಮೆ ಅದ್ದಿ ನೋಡಿದಳು.

"ಉಪ್ಪಿಲ್ಲ."

ಇಡೀ ಬೇಲಿ ಅಲ್ಲಾಡುವ ಹಾಗೆ ನಗು. ಉಪ್ಸಾರಿಗೇ ಉಪ್ಪು ಮರೆತವಳನ್ನು ಆ ಸೀಮೆ ಕಂಡಿರಲಿಲ್ಲ. ತಿಂಗಳುಗಟ್ಟಲೆ ಉಪ್ಪನ್ನು ಕಳ್ಳನ ಹಾಗೆ ದೂರ ಇಟ್ಟೂ ಇಟ್ಟೂ, ಮನೆಯಲ್ಲೂ ನನ್ನ ಕೈ ಡಬ್ಬಿಯ ಕಡೆ ಹೋಗಿರಲಿಲ್ಲ. ಬೆಳ್ಳಿಗೂ ಉಪ್ಪಿಗೂ ಆಗಿಬರುವುದಿಲ್ಲ ಅಂತ ವಿವರಿಸಲು ಹೋದೆ. ನಗು ಇನ್ನೂ ಜಾಸ್ತಿಯಾಯಿತು.

ಅಜ್ಜಿ ಮಾತ್ರ ನಗಲಿಲ್ಲ. "ಉಪ್ಪಿಲ್ದಿದ್ರೆ ಬರಿದು ತಂದಂಗೇಯ ಲೆಕ್ಕ. ಋಣ ತೀರ್ಲಿಲ್ಲ ಕೂಸು," ಅಂದಳು. ಅಂದರೆ ಬೇಲಿ ಇಲ್ಲ. ಬೇಲಿ ಇಲ್ಲದಿದ್ದರೆ ಮುಂದಿನ ಹಂತವೂ ಇಲ್ಲ. ನಾಳೆ ಮತ್ತೆ ಮಾಡಿ ತರುತ್ತೇನೆ ಅನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ನನ್ನ ಹಿಂದೆ ಸೆರಗು ಸರಿದ ಸದ್ದು. ಅಕ್ಕ ಗಂಟು ಬಿಚ್ಚಿ ಪೊಟ್ಟಣ ತೆಗೆದಳು. ಎರಡು ಬೆರಳಲ್ಲಿ ಚಿಟಿಕೆ ಎತ್ತಿ, ತೂಕಿನ ಮೇಲೆ ಹಿಡಿದು, ನನ್ನ ಮುಖ ನೋಡಿದಳು.

"ಮೇಡಂ, ಈಗಲಾರ ಆಕ್ಲಾ?"

"ಹಾಕಿ ಅಕ್ಕಾ," ಅಂದೆ. "ಎಷ್ಟು ಬೇಕೋ ಅಷ್ಟು ಹಾಕಿ."

ಉದುರಿಸಿದಳು, ಕಲಕಿದಳು, ಹಿಂದೆ ಸರಿದು ನಿಂತಳು. ಅಜ್ಜಿ ಒಳಗಿನಿಂದ ಮುದ್ದೆ ತಂದು ಅಲ್ಲೇ ಜಗುಲಿಯ ಮೇಲೆ ಕೂತು ಉಂಡಳು. ತೂಕಿನ ತಳ ಕಾಣುವವರೆಗೂ ಏಳಲಿಲ್ಲ. ಆಮೇಲೆ ಅದನ್ನು ತೊಳೆದು, ಗೋಡೆಯ ಗೂಟಕ್ಕೆ ಬೋರಲು ಹಾಕಿ, ಕೈ ಒರೆಸಿಕೊಂಡಳು.

"ತೀರ್ತು ಓಗು. ಬೇಲಿ ಎಷ್ಟ್ ಬೇಕೋ ಅಷ್ಟ್ ಕೊಯ್ಕೊ." ಕುಡುಗೋಲು ನನ್ನ ಕೈಗೆ ಕೊಟ್ಟು, ಅಕ್ಕನ ಕಡೆ ಗಲ್ಲ ತೋರಿಸಿದಳು. "ಅಲ್ಲ ಕೂಸು, ಇಷ್ಟ್ ಚೆಂದಾಗಿ ಸೊಪ್ಪಿಗೆ ಉಪ್ಪಾಕೋಳು ನಿನ್ ತಾವ್ಲೇ ಅವ್ಳೆ. ಇವಳ್ಗೆ ಒಂದಿನಾನಾದ್ರೂ ಬೇಯ್ಸಕ್ಕೆ ಬುಟ್ಟಿದ್ದೀಯಾ?"